ಹದಿನೆಂಟು ವಾರಗಳ ನಿಧಾನ

‘ಮ್ಯಾರಥಾನ್’ ಎಂಬ ಪದ ಕನ್ನಡದಲ್ಲಿ ಈಗ ಸಲೀಸಾಗಿ ಓಡಾಡುತ್ತಿದೆ. ಯಾವುದೋ ದಿನಾಚರಣೆಯ ನೆಪದಲ್ಲಿ ಒಂದೇ ಬಣ್ಣದ ಟಿ-ಶರ್ಟ್ ತೊಟ್ಟು ಮೂರು ಕಿಲೊಮೀಟರ್ ಹೆಜ್ಜೆ ಹಾಕಿದ್ದೂ ಮಾರನೆಯ ದಿನದ ಪತ್ರಿಕೆಯಲ್ಲಿ ಮ್ಯಾರಥಾನ್ ಎಂದೇ ವರದಿಯಾಗುತ್ತದೆ, ಮಧ್ಯರಾತ್ರಿಯವರೆಗೆ ಎಳೆದ ಸಭೆಗೂ ಅದೇ ವಿಶೇಷಣ ಸಲ್ಲುತ್ತದೆ. ಈ ಸಡಿಲ ಬಳಕೆಯನ್ನು ಸಹಿಸದವರೆಂದರೆ ಹವ್ಯಾಸಿ ದೂರದೋಟಗಾರರು. ಅವರ ಮಟ್ಟಿಗೆ ಮ್ಯಾರಥಾನ್ ಎಂದರೆ 42.195 ಕಿಲೊಮೀಟರ್, ಅದಕ್ಕೆ ನೂರು ಮೀಟರ್ ಕಡಿಮೆಯಾದರೂ ಆ ಹೆಸರು ಸಲ್ಲದು. ಅದರ ಅರ್ಧ, ಎಂದರೆ 21.0975 ಕಿಲೊಮೀಟರ್, ಅವರ ಮಾತಿನಲ್ಲಿ ‘ಹಾಫ್’, ಪೂರ್ತಿಯದು ‘ಫುಲ್’, ಅದನ್ನೂ ಮೀರಿದ್ದೆಲ್ಲ ‘ಅಲ್ಟ್ರಾ’.

ಈ ವಿಚಿತ್ರ ಅಂಕಿಯಲ್ಲಿ ಗ್ರೀಸಿನ ಪುರಾಣಕ್ಕಿಂತ ಇಂಗ್ಲೆಂಡಿನ ಅರಮನೆಯ ಪಾಲೇ ಹೆಚ್ಚು. ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಗೆಲುವಿನ ಸುದ್ದಿ ಹೊತ್ತು ಓಡಿ ಸತ್ತ ದೂತನ ಕಥೆಯನ್ನು ನೆಚ್ಚಿ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಏರ್ಪಡಿಸಿದ ಓಟದ ದೂರ ಸುಮಾರು 40 ಕಿಲೊಮೀಟರ್ ಇತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯ ಬಳಿ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಎದುರಿಗೆ ಮುಗಿದುದರಿಂದ ಅದು 26 ಮೈಲಿ 385 ಗಜಗಳಾಯಿತು, ಮತ್ತು 1921ರಲ್ಲಿ ಅದೇ ಅಳತೆ ಅಂತರರಾಷ್ಟ್ರೀಯವಾಗಿ ಸ್ಥಿರವಾಯಿತು. ನಲವತ್ತನೆಯ ಕಿಲೊಮೀಟರ್ ದಾಟಿದ ಮೇಲೆ ಕಾಲು ಬಾರದೆ ಕುಂಟುವ ಓಟಗಾರರು ಬ್ರಿಟಿಷ್ ರಾಜಮನೆತನವನ್ನು ಶಪಿಸುವ ಹಳೆಯ ಹಾಸ್ಯಕ್ಕೆ ಇದೇ ಮೂಲ.

‘ಹವ್ಯಾಸಿ’ ಎಂಬ ಮಾತಿಗೂ ವಿವರಣೆ ಬೇಕು. ಇಪ್ಪತ್ತನೆಯ ಶತಮಾನದ ಬಹುಭಾಗ ಒಲಿಂಪಿಕ್ಸ್‌ನಲ್ಲಿ ಓಡುವವರೆಲ್ಲರೂ ಕಾಗದದ ಮೇಲೆ ಹವ್ಯಾಸಿಗಳೇ ಆಗಿದ್ದರು, ಏಕೆಂದರೆ ಓಡಿ ಹಣ ಪಡೆದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇಂದಿನ ಹವ್ಯಾಸಿಯ ಲಕ್ಷಣ ಬೇರೆ: ಅವರು ಹಣ ಪಡೆದು ಓಡುವವರಲ್ಲ, ಹಣ ಕಟ್ಟಿ ಓಡುವವರು. ದೊಡ್ಡ ನಗರದ ಓಟವೊಂದರಲ್ಲಿ ಬಹುಮಾನಕ್ಕಾಗಿ ಓಡುವ ಕೆಲವೇ ಮಂದಿಯ ಹಿಂದೆ ಸಾವಿರಾರು ಸಂಖ್ಯೆಯಲ್ಲಿ ಬರುವ ಬ್ಯಾಂಕ್ ನೌಕರರು, ಸಾಫ್ಟ್‌ವೇರ್ ಎಂಜಿನಿಯರುಗಳು, ಶಾಲಾ ಶಿಕ್ಷಕಿಯರು, ನಿವೃತ್ತ ಸೈನಿಕರು, ಮಕ್ಕಳು ಕಾಲೇಜು ಸೇರಿದ ಮೇಲೆ ತಮಗಾಗಿ ಒಂದಿಷ್ಟು ಹೊತ್ತು ಸಿಕ್ಕ ಗೃಹಿಣಿಯರು ಈ ವರ್ಗಕ್ಕೆ ಸೇರುತ್ತಾರೆ. ಇವರ ಸ್ಪರ್ಧೆ ಪಕ್ಕದವರೊಡನೆ ನಡೆಯುವುದು ಕಡಿಮೆ, ಕೈಗಡಿಯಾರದೊಡನೆ ಹೆಚ್ಚು. ಇವರು ವೇಗವನ್ನು ಗಂಟೆಗೆ ಇಷ್ಟು ಕಿಲೊಮೀಟರ್ ಎಂದು ಹೇಳುವುದಿಲ್ಲ, ಒಂದು ಕಿಲೊಮೀಟರಿಗೆ ಇಷ್ಟು ನಿಮಿಷ ಎಂದು ಹೇಳುತ್ತಾರೆ. ಇದಕ್ಕೆ ‘ಪೇಸ್’ ಎಂದು ಹೆಸರು. ‘ಏಳರ ಪೇಸ್’ ಹಿಡಿದು ಕೊನೆಯವರೆಗೆ ಬಿಡದವರು ಐದು ಗಂಟೆಗೆ ನಾಲ್ಕೈದು ನಿಮಿಷ ಮೊದಲು ಮ್ಯಾರಥಾನ್ ಮುಗಿಸುತ್ತಾರೆ, ‘ಆರರ ಪೇಸ್’ ಹಿಡಿದವರು ನಾಲ್ಕೂಕಾಲು ಗಂಟೆಯ ಒಳಗೆ.

ಸಾಮಾನ್ಯ ಜನ ದೂರ ಓಡಬಹುದು ಎಂಬ ಕಲ್ಪನೆಗೇ ಹೆಚ್ಚು ವಯಸ್ಸಾಗಿಲ್ಲ, ಮತ್ತು ಅದರ ಬೇರು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿದೆ. ಅಲ್ಲಿ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ ಎಂಬವರು ತಮ್ಮ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ನಡೆಸಿ, ವೇಗದ ತಾಲೀಮಿಗೆ ಕೈ ಹಾಕುವ ಮೊದಲು ತಿಂಗಳುಗಟ್ಟಲೆ ಹಗುರವಾಗಿ, ಬಹಳ ದೂರ ಓಡಿ ದೇಹಕ್ಕೆ ಅಡಿಪಾಯ ಹಾಕಬೇಕೆಂಬ ನಿಲುವಿಗೆ ಬಂದರು; ವೈಟಕೆರೆ ಗುಡ್ಡಗಳ ನಡುವಿನ 22 ಮೈಲಿಯ ಏರಿಳಿತದ ಹಾದಿಯಲ್ಲಿ ಅವರ ಶಿಷ್ಯರೆಲ್ಲ ಭಾನುವಾರ ಓಡುತ್ತಿದ್ದರು, ಅವರಲ್ಲಿ ಕೇವಲ 800 ಮೀಟರ್ ಸ್ಪರ್ಧೆಯ ಪೀಟರ್ ಸ್ನೆಲ್ ಕೂಡ ಒಬ್ಬರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನಲ್ಲಿಯೂ ಮರ್ರೆ ಹಾಲ್‌ಬರ್ಗ್ 5,000 ಮೀಟರಿನಲ್ಲಿಯೂ ಒಂದೇ ದಿನ ಚಿನ್ನ ಗೆದ್ದು, ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚು ಪಡೆದಾಗ ಲೋಕ ಆ ಪದ್ಧತಿಯತ್ತ ತಿರುಗಿ ನೋಡಿತು. ಆದರೆ ಪದಕಗಳಿಗಿಂತ ದೂರಗಾಮಿಯಾದ ಕೆಲಸ ಇನ್ನೊಂದಿತ್ತು: ಹೃದಯದ ತೊಂದರೆಯಿದ್ದ, ಬೊಜ್ಜು ಬೆಳೆಸಿಕೊಂಡ ನಡುವಯಸ್ಸಿನವರನ್ನು ಲಿಡಿಯಾರ್ಡ್ ಮಾತಾಡಿಕೊಂಡೇ ಓಡಬಹುದಾದಷ್ಟು ಮೆಲ್ಲನೆ ಓಡಿಸಿದರು. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋಗಿದ್ದ ಅಮೆರಿಕದ ಆರಿಗನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೊವರ್ಮನ್ ಇದನ್ನು ಕಂಡು ತಮ್ಮ ಊರಿಗೆ ಒಯ್ದರು, 1967ರಲ್ಲಿ ಹೃದ್ರೋಗ ತಜ್ಞರೊಬ್ಬರ ಜೊತೆ ಸೇರಿ ‘ಜಾಗಿಂಗ್’ ಎಂಬ ಹೆಸರಿನ ಪುಸ್ತಕ ಬರೆದರು, ಮತ್ತು ಆ ಪದ ಬೆಂಗಳೂರಿನ ಉದ್ಯಾನಗಳವರೆಗೂ ಬಂದು ಸೇರಿತು.

ಬೆಂಗಳೂರಿನಲ್ಲಿ ಹವ್ಯಾಸಿ ಓಟ ಬೇರೂರಿದ್ದು ಈ ಶತಮಾನದ ಮೊದಲ ದಶಕದಲ್ಲಿ. 2004ರಲ್ಲಿ ಮುಂಬೈ ಮ್ಯಾರಥಾನ್ ಆರಂಭವಾದದ್ದೂ 2008ರಲ್ಲಿ ಬೆಂಗಳೂರಿನದೇ ಆದ 10 ಕಿಲೊಮೀಟರ್ ಓಟ ಮೊದಲಾದದ್ದೂ ಇದಕ್ಕೆ ನೀರೆರೆದವು. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಕಂಠೀರವ ಕ್ರೀಡಾಂಗಣದ ಟ್ರ್ಯಾಕ್, ಏರುಹಾದಿ ಬೇಕಾದವರಿಗೆ 1,478 ಮೀಟರ್ ಎತ್ತರದ ನಂದಿಬೆಟ್ಟದ ರಸ್ತೆ, ಮಣ್ಣಿನ ದಾರಿ ಬಯಸುವವರಿಗೆ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಾಲೆಯ ಏರಿ, ಇನ್ನೂ ಹಟವಿದ್ದವರಿಗೆ ಮಲೆನಾಡಿನ ಕಾಫಿ ತೋಟಗಳ ನಡುವಿನ ಅಲ್ಟ್ರಾ ಓಟ, ಹೀಗೆ ಆಯ್ಕೆಗೆ ಕೊರತೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ನಗರದಲ್ಲಿ ಓಡುವುದರಿಂದ ರಕ್ತದ ಕಸುವು ಹೆಚ್ಚುತ್ತದೆ ಎಂಬ ಹೆಮ್ಮೆಯ ಮಾತು ಆಗಾಗ ಕೇಳಿಬರುವುದುಂಟು, ಆದರೆ ಕ್ರೀಡಾಪಟುಗಳು ಎತ್ತರದ ತಾಲೀಮಿಗೆಂದು ಹೋಗುವುದು ಸಾಮಾನ್ಯವಾಗಿ 2,000 ಮೀಟರಿನ ಆಸುಪಾಸಿಗೆ ಅಥವಾ ಅದರ ಮೇಲಕ್ಕೆ. ಬೆಂಗಳೂರು ಓಟಗಾರರಿಗೆ ಕೊಡುವ ನಿಜವಾದ ಕಾಣಿಕೆ ಎತ್ತರದ್ದಲ್ಲ, ತಂಪಾದ ಮುಂಜಾನೆಗಳದು.

ಇಲ್ಲಿನ ಹವ್ಯಾಸಿಗಳು ಗುರಿಯಾಗಿಟ್ಟುಕೊಳ್ಳುವ ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ ನಡೆಯುವುದರಿಂದ, ಸಿದ್ಧತೆಗೆ ಬೇಕಾದ ಹದಿನೆಂಟು ವಾರಗಳನ್ನು ಹಿಂದಕ್ಕೆ ಎಣಿಸಿದರೆ ತಾಲೀಮು ಗಣೇಶನ ಹಬ್ಬದ ಹೊತ್ತಿಗೆ ಶುರುವಾಗಿ ಸಂಕ್ರಾಂತಿಯ ಬೆನ್ನಿಗೇ ಮುಗಿಯುತ್ತದೆ. ದಸರೆಯ ಊರ ಪ್ರಯಾಣ, ದೀಪಾವಳಿಯ ಹೊಗೆ, ಕಾರ್ತಿಕದ ಮದುವೆಗಳು, ವರ್ಷಾಂತ್ಯದ ಕಚೇರಿಯ ಕೆಲಸ, ಇವೆಲ್ಲವನ್ನೂ ದಾಟಿ ಬರಬೇಕಾದ ಈ ಅವಧಿಯೇ ಹವ್ಯಾಸಿಯ ನಿಜವಾದ ದೂರ. 42 ಕಿಲೊಮೀಟರ್ ಅದರ ಕೊನೆಯ ತುಣುಕು ಮಾತ್ರ. ವೃತ್ತಿಪರ ಓಟಗಾರರು ಓಡಿ ಬಂದು ಮಲಗುತ್ತಾರೆ, ಎದ್ದು ಮತ್ತೆ ಓಡುತ್ತಾರೆ. ಹವ್ಯಾಸಿ ಓಡಿ ಬಂದು ಮಗುವಿನ ಊಟದ ಡಬ್ಬಿ ಕಟ್ಟಿ, ಸಿಲ್ಕ್‌ಬೋರ್ಡ್ ವೃತ್ತದಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡು, ದಿನವಿಡೀ ಕುರ್ಚಿಯಲ್ಲಿ ಕೂರಬೇಕು.

ಈ ಹದಿನೆಂಟು ವಾರಗಳಲ್ಲಿ ಹೊಸಬರಿಗೆ ಅತ್ಯಂತ ಕಷ್ಟವೆನಿಸುವುದು ವೇಗವಾಗಿ ಓಡುವುದಲ್ಲ, ನಿಧಾನವಾಗಿ ಓಡುವುದು. ಸ್ನಾಯುಗಳು ಆಮ್ಲಜನಕವನ್ನು ಬಳಸಿಕೊಂಡು ಕೊಬ್ಬನ್ನೂ ಸಕ್ಕರೆಯನ್ನೂ ಪೂರ್ತಿಯಾಗಿ ಉರಿಸಿ ಶಕ್ತಿ ಪಡೆಯುವ ಕ್ರಮಕ್ಕೆ ‘ಏರೋಬಿಕ್’ ಎಂದು ಹೆಸರು, ಮ್ಯಾರಥಾನಿಗೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಲ್ಲವೂ ಇದೇ ದಾರಿಯಲ್ಲಿ ಒದಗುತ್ತದೆ. ಈ ಸಾಮರ್ಥ್ಯ ಬೆಳೆಯುವುದೆಂದರೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳುವಂತಾಗುವುದು, ಸ್ನಾಯುಗಳ ಎಳೆಗಳ ಸುತ್ತ ಕೂದಲಿಗಿಂತ ತೆಳುವಾದ ಲೋಮನಾಳಗಳು ಹೊಸದಾಗಿ ಹಬ್ಬುವುದು, ಜೀವಕೋಶಗಳೊಳಗೆ ಇಂಧನವನ್ನು ಶಕ್ತಿಯಾಗಿ ಬದಲಿಸುವ ಮೈಟೋಕಾಂಡ್ರಿಯಗಳು ಹೆಚ್ಚುವುದು. ಈ ಮಾರ್ಪಾಡುಗಳೆಲ್ಲ ಸುಸ್ತಾಗದಂಥ ಹಗುರ ಓಟದಲ್ಲಿಯೂ ಚೆನ್ನಾಗಿ ನಡೆಯುತ್ತವೆ, ಮತ್ತು ಹಗುರವಾಗಿ ಓಡಿದವರಿಗೆ ಮರುದಿನವೂ ಓಡಲು ಕಾಲಿರುತ್ತದೆ. ಆದುದರಿಂದ ವಾರದ ಓಟದ ಬಹುಪಾಲು ಮಾತಿನ ವೇಗದಲ್ಲಿರಬೇಕು, ಎಂದರೆ ಪಕ್ಕದವರೊಡನೆ ಉಸಿರು ಕಟ್ಟದೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡುವಂತಿರಬೇಕು. ಎರಡು ಮೂರು ಪದಗಳಿಗೊಮ್ಮೆ ಮಾತು ತುಂಡಾದರೆ ವೇಗ ಮೀರಿದೆ ಎಂದೇ ಅರ್ಥ; ಇದಕ್ಕೆ ಯಂತ್ರ ಬೇಡ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಹೃದಯ ಬಡಿತ ಸಿಗುತ್ತದೆ ಎಂಬ ಪ್ರಚಲಿತ ಲೆಕ್ಕ ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಬಡಿತಗಳಷ್ಟು ಏರುಪೇರಾಗುವುದು ಸಾಮಾನ್ಯವಾದುದರಿಂದ, ದುಬಾರಿ ಗಡಿಯಾರ ತೋರಿಸುವ ಬಣ್ಣದ ವಲಯಗಳಿಗಿಂತ ಹರಟೆಯೇ ಹೆಚ್ಚು ನಂಬಿಕೆಗೆ ಅರ್ಹ.

ಆದರೆ ಇದನ್ನು ಪಾಲಿಸುವವರು ಕಡಿಮೆ. ಪಾರ್ಕಿನಲ್ಲಿ ತಲೆನರೆತ ಹಿರಿಯರೊಬ್ಬರು ಹಿಂದಿನಿಂದ ಬಂದು ಸರಾಗವಾಗಿ ದಾಟಿ ಹೋದರೆ ಮೂವತ್ತರ ಯುವಕನ ಕಾಲು ತಾನಾಗಿಯೇ ಚುರುಕಾಗುತ್ತದೆ. ಓಟದ ವಿವರವೆಲ್ಲ ಮೊಬೈಲಿನಲ್ಲಿ ಗೆಳೆಯರಿಗೆ ಕಾಣುವಂತಿರುವಾಗ ಎಂಟರ ಪೇಸಿನಲ್ಲಿ ಓಡಿದೆ ಎಂದು ತೋರಿಸಿಕೊಳ್ಳುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಇದರ ಫಲವಾಗಿ ಹಗುರವಾಗಬೇಕಾದ ದಿನ ತುಸು ಜೋರಾಗಿ, ಜೋರಾಗಬೇಕಾದ ದಿನ ದಣಿದು ತುಸು ಮೆಲ್ಲಗೆ ಓಡುವ ಪರಿಪಾಠ ಬೆಳೆಯುತ್ತದೆ, ಮತ್ತು ಎರಡರ ಲಾಭವೂ ಕೈತಪ್ಪುತ್ತದೆ. ಹವ್ಯಾಸಿಗಳ ತಾಲೀಮಿನಲ್ಲಿ ಕಾಣುವ ದೋಷಗಳಲ್ಲಿ ಇದೇ ಅತ್ಯಂತ ಸಾಮಾನ್ಯವಾದದ್ದು ಎನ್ನಬೇಕು.

ಜೋರಿನ ದಿನಗಳು ವಾರಕ್ಕೆ ಒಂದೋ ಎರಡೋ ಸಾಕು. ವೇಗ ಹೆಚ್ಚಿದಂತೆ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್ ಎಂಬ ವಸ್ತುವನ್ನು ದೇಹ ಒಂದು ಹಂತದವರೆಗೆ ಹುಟ್ಟಿದ ಹಾಗೆಯೇ ಬಳಸಿಕೊಳ್ಳುತ್ತದೆ, ಆ ಹಂತ ಮೀರಿದರೆ ಅದು ರಕ್ತದಲ್ಲಿ ಸೇರತೊಡಗುತ್ತದೆ. ಈ ಗಡಿಯ ಹತ್ತಿರ ಇಪ್ಪತ್ತು ಮೂವತ್ತು ನಿಮಿಷ ಓಡುವುದು ‘ಟೆಂಪೊ’. ಟ್ರ್ಯಾಕಿನಲ್ಲಿ 400 ಅಥವಾ 800 ಮೀಟರನ್ನು ಜೋರಾಗಿ ಓಡಿ, ನಡುವೆ ಮೆಲ್ಲಗೆ ಓಡಿ ಸುಧಾರಿಸಿಕೊಂಡು ಮತ್ತೆ ಓಡುವುದು ‘ಇಂಟರ್ವಲ್’. ಲೆಕ್ಕವಿಲ್ಲದೆ, ಮುಂದಿನ ಮರದವರೆಗೆ ಜೋರು, ಅಲ್ಲಿಂದ ತಿರುವಿನವರೆಗೆ ಹಗುರ ಎಂದು ಆಡಿಕೊಂಡಂತೆ ಓಡುವ ಸ್ವೀಡನ್ ದೇಶದ ಪದ್ಧತಿಗೆ ‘ಫಾರ್ಟ್‌ಲೆಕ್’ ಎಂದು ಹೆಸರು. ಉಳಿದದ್ದು ವಾರಾಂತ್ಯದ ‘ಲಾಂಗ್ ರನ್’, ಹವ್ಯಾಸಿಯ ವಾರ ಪೂರ್ತಿ ಅದರ ಸುತ್ತಲೇ ತಿರುಗುತ್ತದೆ. ಹದಿನಾಲ್ಕು ಹದಿನಾರು ಕಿಲೊಮೀಟರಿನಿಂದ ಆರಂಭಿಸಿ, ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸಿ, ಡಿಸೆಂಬರ್ ಕೊನೆಯ ಹೊತ್ತಿಗೆ 30ರಿಂದ 32 ಕಿಲೊಮೀಟರ್ ಮುಟ್ಟುವುದು ರೂಢಿ. ಪೂರ್ತಿ 42 ಕಿಲೊಮೀಟರನ್ನು ತಾಲೀಮಿನಲ್ಲಿ ಸಾಮಾನ್ಯವಾಗಿ ಯಾರೂ ಓಡಿಸುವುದಿಲ್ಲ, ಏಕೆಂದರೆ ಅದರಿಂದ ಆಗುವ ಲಾಭಕ್ಕಿಂತ ಚೇತರಿಸಿಕೊಳ್ಳಲು ಹಿಡಿಯುವ ವಾರಗಳ ನಷ್ಟ ದೊಡ್ಡದು.

ನವೆಂಬರಿನ ಭಾನುವಾರ ಐದು ಗಂಟೆಗೆ ಕಬ್ಬನ್ ಪಾರ್ಕಿನ ಆಸುಪಾಸಿನಲ್ಲಿ ನಿಂತವರಿಗೆ ಈ ಲಾಂಗ್ ರನ್ನಿನ ಒಳಾಂಗಣ ಕಾಣುತ್ತದೆ. 1870ರಲ್ಲಿ ರೂಪುಗೊಂಡ ಈ ಉದ್ಯಾನದೊಳಗಿನ ರಸ್ತೆಗಳು ಭಾನುವಾರ ವಾಹನಗಳಿಗೆ ಮುಚ್ಚಿರುವುದರಿಂದ ಆ ದಿನ ಅದು ಓಟಗಾರರದೇ ರಾಜ್ಯ. ಮರದ ಕೆಳಗೆ ನಿಂತ ಕಾರಿನ ಡಿಕ್ಕಿ ತೆರೆದಿರುತ್ತದೆ. ಅದರೊಳಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಅಡ್ಡಕ್ಕೆ ತುಂಡರಿಸಿದ ಸಿಪ್ಪೆಸಹಿತ ಬಾಳೆಹಣ್ಣು, ಬೀಜ ತೆಗೆದ ಖರ್ಜೂರ, ಉಪ್ಪು ಚಿಮುಕಿಸಿದ ಬೇಯಿಸಿದ ಆಲೂಗಡ್ಡೆ, ಕಡಲೆಕಾಯಿ ಚಿಕ್ಕಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಪುಡಿಯುಪ್ಪು. ಐದಾರು ಕಿಲೊಮೀಟರಿನ ಸುತ್ತು ಮುಗಿಸಿ ಬಂದವರು ಆಲೂಗಡ್ಡೆಯನ್ನು ಆ ಉಪ್ಪಿಗೆ ಇನ್ನೊಮ್ಮೆ ಒತ್ತಿ ಬಾಯಿಗೆ ಹಾಕಿಕೊಂಡು, ನಿಂತಲ್ಲೇ ನೀರು ಕುಡಿದು, ಗಡಿಯಾರದ ಗುಂಡಿ ಒತ್ತಿ ಮತ್ತೆ ಹೊರಡುತ್ತಾರೆ. ಆ ಡಿಕ್ಕಿಯ ಉಸ್ತುವಾರಿ ಹೊತ್ತವರು ಬಹುತೇಕ ಗಾಯದಿಂದಾಗಿ ಆ ವಾರ ಓಡಲಾಗದ ಗೆಳೆಯರೇ. ಒಳತೊಡೆ, ಕಂಕುಳು, ಎದೆಯ ತೊಟ್ಟುಗಳಿಗೆ ವ್ಯಾಸಲೀನ್ ಹಚ್ಚದೆ ಬಂದ ಹೊಸಬ ಇಪ್ಪತ್ತನೆಯ ಕಿಲೊಮೀಟರಿನಲ್ಲಿ ಬೆವರಿನ ಉಪ್ಪು ಹಸಿ ಚರ್ಮಕ್ಕೆ ತಾಗಿದಾಗ ಆ ಪಾಠ ಕಲಿಯುತ್ತಾನೆ, ಅದನ್ನು ಎರಡನೆಯ ಸಲ ಕಲಿಸಬೇಕಾಗುವುದಿಲ್ಲ.

ಆಲೂಗಡ್ಡೆ ಬಾಳೆಹಣ್ಣುಗಳ ಹಿಂದೆ ಒಂದು ಗಣಿತವಿದೆ. ಓಡುವಾಗ ದೇಹದ ತೂಕದ ಪ್ರತಿ ಕಿಲೊಗ್ರಾಮಿಗೆ ಪ್ರತಿ ಕಿಲೊಮೀಟರಿಗೆ ಸುಮಾರು ಒಂದು ಕಿಲೊಕ್ಯಾಲೊರಿ ವ್ಯಯವಾಗುತ್ತದೆ, ಹಾಗಾಗಿ 60 ಕಿಲೊ ತೂಗುವವರಿಗೆ ಮ್ಯಾರಥಾನಿಗೆ ಸುಮಾರು 2,500 ಕಿಲೊಕ್ಯಾಲೊರಿ ಬೇಕು. ದೇಹ ಸಕ್ಕರೆಯನ್ನು ‘ಗ್ಲೈಕೋಜೆನ್’ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟುಕೊಳ್ಳುತ್ತದೆ, ಆದರೆ ಆ ಕಣಜದಲ್ಲಿ ಹಿಡಿಸುವುದು ಸುಮಾರು 2,000 ಕಿಲೊಕ್ಯಾಲೊರಿಯಷ್ಟು ಮಾತ್ರ; ಕೊಬ್ಬಿನ ದಾಸ್ತಾನು ತೆಳ್ಳಗಿನವರಲ್ಲೂ ಹಲವು ಮ್ಯಾರಥಾನುಗಳಿಗೆ ಸಾಲುವಷ್ಟಿದ್ದರೂ ಅದು ಬೇಗ ಉರಿಯುವ ಸೌದೆಯಲ್ಲ. ಆರಂಭದಲ್ಲಿ ಉತ್ಸಾಹದಿಂದ ಜೋರಾಗಿ ಓಡಿದವರು ಗ್ಲೈಕೋಜೆನ್ನನ್ನು ಬೇಗ ಖರ್ಚು ಮಾಡಿ 30ನೆಯ ಕಿಲೊಮೀಟರಿನ ಸುಮಾರಿಗೆ ಬರಿಗೈಯಾಗುತ್ತಾರೆ, ಕಾಲು ಕಬ್ಬಿಣವಾಗುತ್ತದೆ, ತಲೆ ಮಂಕಾಗುತ್ತದೆ, ಸರಳವಾದ ಕೂಡು ಕಳೆ ಲೆಕ್ಕವೂ ತಪ್ಪುತ್ತದೆ. ಓಟಗಾರರು ಇದನ್ನು ‘ಗೋಡೆಗೆ ಡಿಕ್ಕಿ’ ಎನ್ನುತ್ತಾರೆ. ಮೆಲ್ಲನೆಯ ಲಾಂಗ್ ರನ್ನುಗಳು ಕೊಬ್ಬನ್ನು ಹೆಚ್ಚು ಬಳಸಲು ದೇಹಕ್ಕೆ ಕಲಿಸಿ ಗೋಡೆಯನ್ನು ಮುಂದಕ್ಕೆ ತಳ್ಳುತ್ತವೆ, ಓಡುತ್ತಲೇ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಸೇವಿಸುವುದು ಇನ್ನಷ್ಟು ನೆರವಾಗುತ್ತದೆ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಮಿನಷ್ಟು ಇದು ಸಿಗುವುದರಿಂದ ದುಬಾರಿ ಜೆಲ್ ಪೊಟ್ಟಣಗಳೇ ಆಗಬೇಕೆಂದಿಲ್ಲ, ಆದರೆ ಓಡುವ ಹೊಟ್ಟೆ ಏನನ್ನು ತಾಳುತ್ತದೆ ಎಂಬುದನ್ನು ಓಟದ ದಿನವಲ್ಲ, ಹದಿನೆಂಟು ವಾರಗಳಲ್ಲಿಯೇ ಪರೀಕ್ಷಿಸಿಕೊಂಡಿರಬೇಕು. ರಾಗಿ ಮುದ್ದೆ ತಿಂದವರು ಓಟದಲ್ಲಿ ಗೆಲ್ಲುತ್ತಾರೆಂಬ ಅಭಿಮಾನಕ್ಕೂ ಇಲ್ಲೊಂದು ತಿದ್ದುಪಡಿ ಬೇಕಾಗುತ್ತದೆ: ರಾಗಿ ತಾಲೀಮಿನ ದಿನಗಳ ಉತ್ತಮ ಆಹಾರವೇ ಹೌದು, ಅದರಲ್ಲಿ ಸುಣ್ಣದ ಅಂಶವೂ ಹೇರಳ, ಆದರೆ ನಾರಿನಂಶ ಹೆಚ್ಚಾಗಿರುವುದರಿಂದ ಲಾಂಗ್ ರನ್ನಿನ ಹಿಂದಿನ ರಾತ್ರಿ ಅನುಭವಸ್ಥರು ಮುದ್ದೆಗೆ ಕೈಮುಗಿದು ಮೊಸರನ್ನ ಉಣ್ಣುತ್ತಾರೆ.

ದೇಹದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ ಎಂಬುದು ಗಾಯಗಳ ಮೂಲ. ಉಸಿರಾಟ ಮತ್ತು ಹೃದಯ ಕೆಲವೇ ವಾರಗಳಲ್ಲಿ ಸುಧಾರಿಸಿಬಿಡುತ್ತವೆ, ಸ್ನಾಯುಗಳು ಅವುಗಳ ಹಿಂದೆ ಬರುತ್ತವೆ, ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳೂ ಮೂಳೆಗಳೂ ತಿಂಗಳುಗಟ್ಟಲೆ ತಡಮಾಡುತ್ತವೆ. ಮೂಳೆಯ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ: ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯ ಸೂಕ್ಷ್ಮ ಭಾಗಗಳನ್ನು ಕೆತ್ತಿ ತೆಗೆದು ಆಮೇಲೆ ಹೊಸ ಮೂಳೆ ಕಟ್ಟುತ್ತದೆ, ಕೆತ್ತುವ ಕೆಲಸ ವಾರಗಳಲ್ಲಿ ಮುಗಿದರೂ ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು, ಆದ್ದರಿಂದ ತಾಲೀಮು ಆರಂಭಿಸಿದ ಕೆಲವು ವಾರಗಳ ಮೇಲೆ ಉತ್ಸಾಹ ತುತ್ತತುದಿಯಲ್ಲಿರುವಾಗಲೇ ಕೆಲವೆಡೆ ಮೂಳೆ ಅತ್ಯಂತ ದುರ್ಬಲವಾಗಿರುತ್ತದೆ. ನಿಮಿಷಕ್ಕೆ 165 ಹೆಜ್ಜೆಯಂತೆ ಐದು ಗಂಟೆ ಓಡಿದರೆ ಹೆಜ್ಜೆಗಳ ಸಂಖ್ಯೆ 49,500. ಪ್ರತಿ ಹೆಜ್ಜೆಯಲ್ಲೂ ಒಂದೇ ಕಾಲಿನ ಮೇಲೆ ದೇಹತೂಕದ ಎರಡು ಮೂರು ಪಟ್ಟು ಭಾರ ಎರಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಗುವ ಅಂಗಾಲಿನ ಪಟ್ಟಿಯ ಉರಿಯೂತ, ಮೊಣಕಾಲಿನ ಹೊರಬದಿಯ ನೋವು, ಕಣಕಾಲಿನ ಮೂಳೆಯಂಚಿನ ನೋವು, ಹಿಮ್ಮಡಿಯ ರಜ್ಜುವಿನ ಬಾವು, ಇವು ಓಟಗಾರರ ನಡುವೆ ನೆಂಟರಿಷ್ಟರ ಹೆಸರಿನಷ್ಟು ಪರಿಚಿತ.

ವಾರದಿಂದ ವಾರಕ್ಕೆ ದೂರವನ್ನು ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂಬ ನಿಯಮ ಎಲ್ಲರ ಬಾಯಲ್ಲೂ ಇದೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ನಾಲ್ಕು ಮೈಲಿಯ ಓಟಕ್ಕೆ ಸಿದ್ಧರಾಗುತ್ತಿದ್ದ ಹೊಸಬರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯಮ ಪಾಲಿಸಿದ ಗುಂಪಿನಲ್ಲಿಯೂ ಬೇಗ ಏರಿಸಿದ ಗುಂಪಿನಲ್ಲಿಯೂ ಸರಿಸುಮಾರು ಐವರಲ್ಲಿ ಒಬ್ಬರು ಗಾಯಗೊಂಡರು. ಇದರಿಂದ ಮನಸ್ಸು ಬಂದಂತೆ ಓಡಬಹುದೆಂದು ತಿಳಿಯಬೇಕಿಲ್ಲ. ಶೇಕಡಾವಾರು ಲೆಕ್ಕ ಸರಿಯಿದ್ದರೆ ಗಾಯವಾಗದು ಎಂಬ ಭರವಸೆಗೆ ಆಧಾರ ಸಾಲದು ಎಂದಷ್ಟೇ ತಿಳಿಯಬೇಕು. ನಿದ್ದೆ ಕೆಟ್ಟ ವಾರ, ಜ್ವರ ಬಿಟ್ಟ ವಾರ, ರಾತ್ರಿಪಾಳಿಯ ವಾರ ಆ ಲೆಕ್ಕದೊಳಗೆ ಬರುವುದಿಲ್ಲ. ತಪ್ಪಿದ ಓಟಗಳನ್ನು ಮುಂದಿನ ವಾರ ಬಡ್ಡಿಸಹಿತ ತೀರಿಸಲು ಹೊರಟವರೇ ಭೌತಚಿಕಿತ್ಸಕರ ಬಾಗಿಲಲ್ಲಿ ಹೆಚ್ಚಾಗಿ ಕಾಣಸಿಗುತ್ತಾರೆ.

ನೀರಿನ ವಿಷಯದಲ್ಲಿ ಹಳೆಯ ಬುದ್ಧಿಮಾತು ಈಗ ಬದಲಾಗಿದೆ. ಬಾಯಾರುವ ಮುನ್ನವೇ ಎಷ್ಟಾದರಷ್ಟು ಕುಡಿಯಬೇಕೆಂಬುದು ಒಂದು ಕಾಲದ ಉಪದೇಶವಾಗಿತ್ತು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಮಟ್ಟ ಅಪಾಯದ ಕಡೆಗೆ ಇಳಿದಿತ್ತು, ಮತ್ತು ಹಾಗಾದವರಲ್ಲಿ ಓಡುತ್ತಲೇ ತೂಕ ಹೆಚ್ಚಿಸಿಕೊಂಡವರು, ಎಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು, ಎದ್ದು ಕಂಡರು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಓಡುವ, ಸಿಕ್ಕ ಪ್ರತಿ ಮೇಜಿನ ಬಳಿಯೂ ನಿಂತು ಕುಡಿಯುವ ನಿಧಾನದ ಹವ್ಯಾಸಿಗಳಿಗೇ ಈ ಅಪಾಯ ಹೆಚ್ಚು. ಬಾಯಾರಿದಾಗ ಕುಡಿಯುವುದು ಸಾಕು ಎಂಬುದು ಈಗಿನ ಅಭಿಪ್ರಾಯ. ಹೃದಯದ ಬಗೆಗಿನ ಅಂಜಿಕೆಗೂ ಅಂಕಿ ಇದೆ: ಅಮೆರಿಕದಲ್ಲಿ 2000ದಿಂದ 2010ರವರೆಗೆ ಹಾಫ್ ಮತ್ತು ಫುಲ್ ಓಡಿದ ಸುಮಾರು 1.09 ಕೋಟಿ ಮಂದಿಯಲ್ಲಿ ಹೃದಯಸ್ತಂಭನಕ್ಕೆ ಒಳಗಾದವರು 59, ಎಂದರೆ 1,84,000 ಮಂದಿಗೆ ಒಬ್ಬರು. ಆದರೆ ಭಾರತೀಯರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುವುದರಿಂದ ಆ ಅಂಕಿಯನ್ನು ಹಾಗೆಯೇ ಇಲ್ಲಿಗೆ ತಂದು ನೆಮ್ಮದಿಯಾಗಿರುವುದು ಜಾಣತನವಲ್ಲ. ನಲವತ್ತರ ಹತ್ತಿರದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಮನೆತನದಲ್ಲಿ ಯಾರಿಗಾದರೂ ಬೇಗ ಹೃದಯಾಘಾತವಾಗಿದ್ದವರು ಶೂ ಕೊಳ್ಳುವ ಮೊದಲು ವೈದ್ಯರನ್ನು ಕಾಣುವುದು ಒಳಿತು.

ಹೆಂಗಸರ ತಾಲೀಮಿಗೆ ಇವೆಲ್ಲದರ ಮೇಲೆ ಇನ್ನೊಂದು ಭಾರವಿದೆ. ದೂರದ ಓಟ ಹೆಣ್ಣಿನ ದೇಹಕ್ಕೆ ಆಗಿಬಾರದೆಂದು ಆಡಳಿತಗಾರರು ನಂಬಿದ್ದ ಕಾಲ ತೀರ ಹಿಂದಿನದಲ್ಲ. 1967ರ ಬಾಸ್ಟನ್ ಓಟದಲ್ಲಿ ಕ್ಯಾಥರೀನ್ ಸ್ವಿಟ್ಜರ್ ಅವರನ್ನು ಸಂಘಟಕರೊಬ್ಬರು ದಾರಿಯಲ್ಲೇ ಹಿಡಿದೆಳೆಯಲು ಹೊರಟ ಚಿತ್ರ ಲೋಕಪ್ರಸಿದ್ಧ, ಅಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ, ಒಲಿಂಪಿಕ್ಸ್‌ಗೆ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಇಂದು ನಿಷೇಧವೇನೂ ಇಲ್ಲ, ಆದರೆ ಬೆಳಿಗ್ಗೆ ನಾಲ್ಕೂಮುಕ್ಕಾಲಿನ ಕತ್ತಲೆ ಇದೆ, ಬೀದಿದೀಪವಿಲ್ಲದ ತಿರುವುಗಳಿವೆ, ದಾರಿಯುದ್ದಕ್ಕೂ ಬಳಸಬಹುದಾದ ಶೌಚಾಲಯಗಳಿಲ್ಲ. ಬೆಂಗಳೂರಿನ ಓಟಗಾರರ ಗುಂಪುಗಳು ಗಟ್ಟಿಯಾಗಿ ಉಳಿದಿರುವುದಕ್ಕೆ ತರಬೇತಿಗಿಂತ ಈ ಜೊತೆಯ ಅಗತ್ಯವೇ ದೊಡ್ಡ ಕಾರಣವಿರಬಹುದು; ಒಂಟಿಯಾಗಿ ಗಂಡಸು ಓಡಬಹುದಾದ ಹಾದಿಯಲ್ಲಿ ಹೆಂಗಸು ಓಡಲು ನಾಲ್ವರ ಗುಂಪು ಬೇಕಾಗುತ್ತದೆ, ಆ ಗುಂಪು ಬೀದಿನಾಯಿಗಳನ್ನೂ ನಿಭಾಯಿಸುತ್ತದೆ.

ಡಿಸೆಂಬರ್ ಮುಗಿಯುತ್ತಿದ್ದಂತೆ ‘ಟೇಪರ್’ ಎಂಬ ಇಳಿಕೆಯ ಕಾಲ ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸ್ಪರ್ಧೆಗೆ ಮುಂಚಿನ ಎರಡು ವಾರ ವೇಗವನ್ನು ಹಾಗೆಯೇ ಉಳಿಸಿಕೊಂಡು ಓಟದ ಒಟ್ಟು ಪ್ರಮಾಣವನ್ನು ಶೇ. 41ರಿಂದ 60ರಷ್ಟು ತಗ್ಗಿಸುವುದು ಹೆಚ್ಚು ಫಲಕಾರಿ. ತಾಲೀಮಿನ ದಣಿವು ಬೇಗ ಇಳಿಯುತ್ತದೆ, ಗಳಿಸಿದ ಸಾಮರ್ಥ್ಯ ಅಷ್ಟು ಬೇಗ ಇಳಿಯುವುದಿಲ್ಲ. ಹದಿನಾರು ವಾರ ಓಡಿದವರಿಗೆ ಕಡಿಮೆ ಓಡುವ ಈ ಎರಡು ವಾರ ಚಡಪಡಿಕೆಯ ಕಾಲ. ಎಂದೂ ಇಲ್ಲದ ನೋವುಗಳು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತವೆ, ಗಂಟಲು ಕೆರೆದರೂ ಗಾಬರಿಯಾಗುತ್ತದೆ. ಕೊನೆಯ ಎರಡು ಮೂರು ದಿನ ಅನ್ನ, ಇಡ್ಲಿ, ಅವಲಕ್ಕಿಯಂಥವನ್ನು ಹೆಚ್ಚಿಸಿ ಗ್ಲೈಕೋಜೆನ್ ಕಣಜವನ್ನು ಭರ್ತಿ ಮಾಡಿಕೊಳ್ಳುವ ಕ್ರಮ ಸಂಕ್ರಾಂತಿಯ ಆಸುಪಾಸಿಗೇ ಬೀಳುವುದು ಕನ್ನಡಿಗ ಓಟಗಾರರ ಅದೃಷ್ಟ: ಸಿಹಿ ಹುಗ್ಗಿಯನ್ನು ಎರಡನೆಯ ಸಲ ಬಡಿಸಿಕೊಳ್ಳಲು ವೈಜ್ಞಾನಿಕ ಕಾರಣ ಸಿಕ್ಕಂತಾಗುತ್ತದೆ. ಎಳ್ಳುಬೆಲ್ಲಕ್ಕೆ ಆ ಸಮರ್ಥನೆ ಪೂರ್ತಿ ಹೊಂದುವುದಿಲ್ಲ, ಎಳ್ಳು, ಕೊಬ್ಬರಿ, ಕಡಲೆಬೀಜಗಳಲ್ಲಿ ಎಣ್ಣೆಯೇ ಹೆಚ್ಚು.

ಮುಂಬೈಯಲ್ಲಿ ಓಟ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿ ಬೆಳಕು ಹರಿಯುವ ಮುನ್ನ ಹೊರಡುತ್ತದೆ. ಬೆಂಗಳೂರಿನ ಒಣ ತಂಪಿಗೆ ಒಗ್ಗಿದವರಿಗೆ ಅಲ್ಲಿನ ಗಾಳಿಯ ತೇವವೇ ಮೊದಲ ಎದುರಾಳಿ; ದೇಹ ತಣ್ಣಗಾಗುವುದು ಬೆವರು ಹುಟ್ಟುವುದರಿಂದಲ್ಲ, ಅದು ಆರುವುದರಿಂದ, ತೇವದ ಗಾಳಿಯಲ್ಲಿ ಬೆವರು ಆರದೆ ಬರಿದೇ ತೊಟ್ಟಿಕ್ಕುತ್ತದೆ. ಬಿಸಿಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕಿರುವಾಗ ಎರಡು ದಿನ ಮುಂಚೆ ಬಂದವರು ಮಾಡಬಹುದಾದದ್ದು ಪೇಸನ್ನು ಕಿಲೊಮೀಟರಿಗೆ ಹತ್ತು ಹದಿನೈದು ಸೆಕೆಂಡು ಸಡಿಲಿಸುವುದಷ್ಟೇ. ಸಮುದ್ರದ ಮೇಲಿನ ಸೇತುವೆ ದಾಟಿ, ಉಪನಗರಗಳ ಬೀದಿಗಳಲ್ಲಿ ಮನೆಯವರು ತಟ್ಟೆಯಲ್ಲಿ ಹಿಡಿದು ನಿಂತ ಕಿತ್ತಳೆ ತೊಳೆ, ಬಿಸ್ಕತ್ತುಗಳನ್ನು ತೆಗೆದುಕೊಳ್ಳುತ್ತ ಬಂದವರಿಗೆ, ಗ್ಲೈಕೋಜೆನ್ ಬರಿದಾಗುವ ಕೊನೆಯ ಹಂತದಲ್ಲೇ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ದಣಿಯದ ಕಾಲಿನಲ್ಲಿ ಹತ್ತಿದರೆ ಅದು ಏರೆಂದೇ ಅನಿಸದಷ್ಟು ಸಣ್ಣದು. ಗಡಿಯಾರ 42.2 ತೋರಿಸಿದ ಮೇಲೂ ಮುಕ್ತಾಯದ ಕಮಾನು ಇನ್ನೂ ಮುಂದೆಯೇ ಇರುತ್ತದೆ ಎಂಬುದು ಬಹುತೇಕರ ದೂರು. ಅಧಿಕೃತ ದಾರಿಯನ್ನು ಅಳೆಯುವವರು ಬೈಸಿಕಲ್ಲಿನ ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿ, ಪ್ರತಿ ತಿರುವಿನಲ್ಲಿಯೂ ಓಡಬಹುದಾದ ಅತಿ ಹತ್ತಿರದ ಗೆರೆ ಹಿಡಿದು, ದೂರ ಎಳ್ಳಷ್ಟೂ ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದರಂತೆ ಸುಮಾರು 42 ಮೀಟರ್ ಹೆಚ್ಚಿಗೆ ಸೇರಿಸಿರುತ್ತಾರೆ, ಜನಜಂಗುಳಿಯಲ್ಲಿ ಅಡ್ಡಾದಿಡ್ಡಿ ಓಡಿದವರು ಅದರ ಮೇಲೆ ತಮ್ಮದನ್ನೂ ಸೇರಿಸಿಕೊಂಡಿರುತ್ತಾರೆ.

ನೋವು ಓಟದ ದಿನಕ್ಕಿಂತ ಮರುದಿನ, ಅದರ ಮರುದಿನ ಹೆಚ್ಚು. ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗ ಮೊಣಕಾಲು ಕುಸಿಯದಂತೆ ತಡೆಯಲು ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕಾಗುತ್ತದೆ, ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುವುದು ಈ ಬಗೆಯ ಕೆಲಸದಲ್ಲೇ, ಮತ್ತು ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದಕ್ಕೆ ಅದೇ ಕೆಲಸ ಹೆಚ್ಚು ಬೇಕಾಗುತ್ತದೆ. ಹೀಗಾಗಿ ಜನವರಿಯ ಆ ಸೋಮವಾರ, ಮಂಗಳವಾರಗಳಂದು ಬೆಂಗಳೂರಿನ ಕಚೇರಿಗಳಲ್ಲಿ, ಮೆಟ್ರೊ ನಿಲ್ದಾಣಗಳಲ್ಲಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ಮುಂದಾಗಿ, ಒಂದೊಂದೇ ಮೆಟ್ಟಿಲು ಇಳಿಯುವ ನಡುವಯಸ್ಸಿನ ಕೆಲವರು ಕಾಣಸಿಗುತ್ತಾರೆ.